ಕೆಳಗಿನ ಕೋಣೆ

ಆ ಪುಟ್ಟ ವಿಹಾರ ನೌಕೆಯ ನಕ್ಷೆ ನನ್ನದು. ಮೇಲೆ ಮಾಲೀಕರ ಹಾಲ್, ಅದರ ಕೆಳಗೆ ಕೆಲಸದ ಮೂವರು ಇರುವ ಕೋಣೆ. ಹಾಲ್ ಇನ್ನಷ್ಟು ಎತ್ತರ ಬೇಕೆಂದು ಮಾಲೀಕರು ಹಟ ಹಿಡಿದರು. ನಾನು ಕೆಳಗಿನದನ್ನು ತಗ್ಗಿಸಿದೆ.

"ಇಷ್ಟು ಸಾಕಾಗ್ತದಾ ಸಾರ್?" ಎಂದ ಬಡಗಿ.

"ನಾನೇ ಒಳಗೆ ನಿಂತು ನೋಡಿದ್ದೇನೆ. ತಲೆ ಮೇಲೆ ಇನ್ನೂ ಎರಡು ಬೆರಳು ಜಾಗ ಇದೆ. ಮೂವತ್ತು ವರ್ಷದಿಂದ ಇದೇ ಕೆಲಸ ನಂದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಉಳಿ ಎತ್ತಿಕೊಂಡ.

ನೌಕೆ ನೀರಿಗಿಳಿದ ದಿನ ಕೋಣೆ ತೋರಿಸಲು ಮೂವರನ್ನೂ ಕರೆದೆ. ನೌಕೆ ನಡೆಸುವ ತಾಂಡೇಲ ಬಂದು ತಲೆ ತಗ್ಗಿಸಿ ನಿಂತ. ಹಿಂದೆಯೇ ಬಂದ ಅಡುಗೆಯವನೂ ಹಾಗೇ ನಿಂತ. ಇಂಜಿನ್ ನೋಡಿಕೊಳ್ಳುವವನಂತೂ ಸೊಂಟದವರೆಗೆ ಬಾಗಿದ್ದ. ಆರು ತಿಂಗಳು ಬದುಕುವ ಜಾಗ ಮಾಡಿಕೊಟ್ಟವನ ಮೇಲೆ ಅಷ್ಟು ಗೌರವ ಇರುವುದು ಸಹಜವೇ. ಆದರೂ ನನ್ನ ಹೆಂಡತಿ ಇದನ್ನು ನೋಡಬೇಕಿತ್ತು ಅನ್ನಿಸಿತು.

"ಇಷ್ಟೆಲ್ಲ ವಿನಯ ಬೇಡಪ್ಪ," ಎಂದೆ. "ನಾನೂ ನಿಮ್ಮ ಹಾಗೆ ದುಡಿಯುವವನೇ. ನೆಟ್ಟಗೆ ನಿಂತುಕೊಳ್ಳಿ."

ಯಾರೂ ಅಲುಗಾಡಲಿಲ್ಲ.

"ಸಂಕೋಚ ಯಾಕೆ? ಮಾಲೀಕರೇನೂ ಇಲ್ಲಿಲ್ಲವಲ್ಲ."

ತಾಂಡೇಲ ನೆಲ ನೋಡುತ್ತಲೇ ಹೇಳಿದ: "ಸಂಕೋಚ ಅಲ್ಲ ಸಾರ್. ಇಲ್ಲಿ ನೆಟ್ಟಗೆ ನಿಲ್ಲೋದು ನಿಮ್ಮೊಬ್ಬರಿಂದ ಮಾತ್ರ ಆಗೋದು."