ಕೂಗದ ಮರಿಗೊಂದು ಜೊತೆ

ಕಾವೇರಿ ಬೆಕ್ಕಿನ ಮರಿಯ ದವಡೆ ಹಿಡಿದು ಬಾಯಿ ಅಗಲಿಸಿದಳು. ಗಂಡ ಗಿರಿಮಲ್ಲಪ್ಪ ಮೊಬೈಲಿನ ಬೆಳಕು ಬಿಟ್ಟ. ಗುಲಾಬಿ ನಾಲಿಗೆ, ಅಕ್ಕಿಕಾಳಿನಂಥ ಹಲ್ಲು. ಗಂಟಲಲ್ಲಿ ಗಾಯವಿಲ್ಲ, ಬಾವಿಲ್ಲ. ಕೈ ಬಿಟ್ಟೊಡನೆ ಮರಿ ಹಿಂದೆ ಸರಿದು, ಕಿವಿ ಮಡಚಿ, ಮೈಯೆಲ್ಲ ಬಿಗಿದು ಬಾಯಿ ತೆರೆಯಿತು. ಸದ್ದು ಮಾತ್ರ ಬರಲಿಲ್ಲ.

"ನಿಮಗೇನರ ಕೇಳ್ತೇನ್ರೀ?"

ಗಿರಿಮಲ್ಲಪ್ಪ ಅವಳ ಮುಖ ನೋಡಿ ತಲೆ ಅಲ್ಲಾಡಿಸಿದ. "ಎಲ್ಲಿ? ಒಂದೂ ಸದ್ದಿಲ್ಲ. ಮೂಗಿ ಐತಿ ಬಿಡ ಅದು."

ಕರೆಂಟು ಹೋಗಿ ಮಗ್ಗ ನಿಂತ ಹೊತ್ತು. ಗದ್ದಲದಲ್ಲಿ ಕೇಳಿಸಲಿಲ್ಲ ಎನ್ನುವಂತೆಯೂ ಇರಲಿಲ್ಲ. ರಬಕವಿಯ ಆ ಓಣಿಯಲ್ಲಿ ಗಂಡ ಹೆಂಡತಿ ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಎದುರುಬದುರು ನಿಂತು ಪವರ್‌ಲೂಮಿನಲ್ಲಿ ಸೀರೆ ನೇಯ್ದವರು. ಮಗಳು ಗಂಡನ ಮನೆ ಸೇರಿದ ಮೇಲೆ ಮನೆ ಬಿಕೋ ಎನ್ನುತ್ತಿದ್ದಾಗ ಈ ಮರಿ ತಾನಾಗಿ ಬಂದಿತ್ತು. ಮಗ್ಗದ ಲಾಳಿಯಂತೆ ಅತ್ತಿತ್ತ ಓಡುವ ಅದರ ಚಾಳಿ ನೋಡಿ ಲಾಳಿ ಎಂದೇ ಹೆಸರಿಟ್ಟಿದ್ದರು.

ಹೋದ ವಾರ ಲಾಳಿ ನೂಲಿನ ಚೀಲಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇವರು ಊಟಕ್ಕೆ ಕೂತ ಜಾಗದಿಂದ ಮೂರು ಹೆಜ್ಜೆ ದೂರ. ಅರ್ಧ ದಿನ ಅಲ್ಲೇ ಇದ್ದರೂ ಕುಂಯ್ ಅನ್ನಲಿಲ್ಲ. ಕಾವೇರಿ ಚೀಲ ಎತ್ತಿದ್ದಕ್ಕೆ ಉಳಿಯಿತು. ಅದೇ ಓಡುವ ಮಗ್ಗದಡಿ ಸಿಕ್ಕಿದ್ದರೆ? ಆ ಯೋಚನೆ ಬಂದರೆ ಸಾಕು, ಅವಳು ಎದ್ದು ಮಗ್ಗದಡಿ ಬಗ್ಗಿ ನೋಡುತ್ತಿದ್ದಳು.

ಅವಳ ಅನುಮಾನವೆಲ್ಲ ಪಕ್ಕದ ಮನೆಯ ಮರೆವ್ವನ ಮೇಲೆ. ಬಸ್ ಡ್ರೈವರನ ಹೆಂಡತಿ, ಬೀಳಗಿಯಿಂದ ಈಚೆಗಷ್ಟೇ ಬಾಡಿಗೆಗೆ ಬಂದವಳು. ಮರಿ ಮೊದಲು ಹೊಕ್ಕಿದ್ದು ಅವಳ ಮನೆಯನ್ನೇ. ಅವಳು ಕಸಬರಿಗೆ ತೋರಿಸಿ ಅಟ್ಟಿದ್ದಳು. ಬರೀ ಅಟ್ಟಿದ್ದಳೋ, ಏನಾದರೂ ತಿನ್ನಿಸಿ ಅಟ್ಟಿದ್ದಳೋ? ಸಿಂಧೂರ ತಿಂದರೆ ಗಂಟಲು ಹೋಗುತ್ತದೆಂದು ಕಾವೇರಿ ಚಿಕ್ಕಂದಿನಿಂದ ಕೇಳಿದ್ದಳು. ಮೇಲಾಗಿ ಈ ಮರೆವ್ವ ಮುಖ ಕೊಟ್ಟು ಮಾತಾಡುವವಳೇ ಅಲ್ಲ. ಬಟ್ಟೆ ಹಿಂಡುತ್ತಲೋ ರೊಟ್ಟಿ ಬಡಿಯುತ್ತಲೋ ಅತ್ತ ತಿರುಗಿಕೊಂಡೇ ಏನೋ ಗೊಣಗುತ್ತಾಳೆ. ನೇಕಾರರ ಓಣಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಕಳ್ಳ ಮನಸ್ಸಿನವರ ಲಕ್ಷಣ ಅದು ಎಂದು ಕಾವೇರಿ ತೀರ್ಮಾನಿಸಿಬಿಟ್ಟಿದ್ದಳು.

"ಇನ್ನೊಂದು ಮರಿ ತರೂಣ್ರೀ," ಎಂದಳು. "ಛಲೋ ಬಾಯಿ ಇದ್ದದ್ದು. ಇದಕ್ಕೇನರ ಆದ್ರ ಅದಾದ್ರೂ ಒದರತೈತಿ."

ಮಹಾಲಿಂಗಪುರದಲ್ಲಿ ಮಹಾದೇವಿಯ ಮನೆಯ ಬೆಕ್ಕು ಮೂರು ಮರಿ ಹಾಕಿತ್ತು. ಮಹಾದೇವಿ ಕಾವೇರಿಯ ಚಿಕ್ಕಮ್ಮನ ಮಗಳು. ಮನೆಯ ಮುಂದೆಯೇ ಲಾರಿಗೆ ಬೆಲ್ಲ ಹೇರುತ್ತಿದ್ದರು. ಕಾವೇರಿ ಒಂದೊಂದೇ ಮರಿಯನ್ನು ಎತ್ತಿ ನೋಡಿದಳು. ಕಪ್ಪು ಮರಿ ಕೈ ಕಚ್ಚಿತು. ಲಾಳಿಯನ್ನು ಗೋಳು ಹೊಯ್ದುಕೊಳ್ಳುವ ಜಾತಿ. ಬೂದಿ ಬಣ್ಣದ್ದು ಮಡಿಲಲ್ಲೇ ನಿದ್ದೆ ಹೋಯಿತು. ಕಂದು ಪಟ್ಟೆಯದು ಮಾತ್ರ ನೆಲಕ್ಕೆ ಕಾಲೂರಿ ಬಾಯಿ ಮುಚ್ಚದೆ ನಿಂತಿತ್ತು.

"ಅದನ್ನs ಒಯ್ಯಿ ಅಕ್ಕಾ, ಪುಣ್ಯಾ ಬರತೈತಿ," ಮಹಾದೇವಿ ಅವಳತ್ತ ತಿರುಗಿ ನಕ್ಕಳು. "ಬಾಯಿಬಡಕಿ. ಒದರಿದ್ರ ಬಸ್‌ಸ್ಟ್ಯಾಂಡ್ ತನಕಾ ಕೇಳತೈತಿ."

ಬಸ್ಸಿನಲ್ಲಿ ಜನ ತಿರುಗಿ ತಿರುಗಿ ಅವಳ ಕೈಚೀಲ ನೋಡಿದರು. ಮುಂದಿನ ಸೀಟಿನ ಮುದುಕನೊಬ್ಬ ನಕ್ಕ. ಚೀಲ ಹರಿದಿದೆಯೇನೋ ಎಂದು ಕಾವೇರಿ ಸೆರಗು ಮುಚ್ಚಿದಳು.

ಹೊಸ ಮರಿಯನ್ನು ಒಂದು ದಿನ ಬುಟ್ಟಿಯಡಿ ಇಟ್ಟು, ಮರುದಿನ ಲಾಳಿಯ ಮುಂದೆ ಬಿಟ್ಟಳು. ಮೂಸಿದವು. ಒಂದಕ್ಕೊಂದು ಪಂಜ ಎತ್ತಿದವು. ಮಧ್ಯಾಹ್ನದ ಹೊತ್ತಿಗೆ ಒಂದರ ಹೊಟ್ಟೆಗೊಂದು ತಲೆಯಿಟ್ಟು ಮಲಗಿದವು. ಕಾವೇರಿಗೆ ಕಣ್ಣು ತುಂಬಿ ಬಂತು.

ಆಮೇಲೆ ಕರೆಂಟು ಹೋಯಿತು. ಮಗ್ಗಗಳು ನಿಂತವು. ಎರಡೂ ಮರಿಗಳು ಎದ್ದು ಹಸಿದು ಅವಳ ಕಾಲ ಬಳಿ ಬಂದವು. ಲಾಳಿ ಬಾಯಿ ತೆರೆಯಿತು. ಹೊಸ ಮರಿ ಬಾಯಿ ತೆರೆಯಿತು.

ಎರಡರಿಂದಲೂ ಸದ್ದಿಲ್ಲ.

ಕಾವೇರಿ ಬಗ್ಗಿ ಎರಡರ ಬಾಯನ್ನೂ ದಿಟ್ಟಿಸಿದಳು. ಬಸ್‌ಸ್ಟ್ಯಾಂಡಿಗೆ ಕೇಳುವ ಗಂಟಲು ಎರಡೇ ದಿನದಲ್ಲಿ ಎಲ್ಲಿ ಹೋಯಿತು? ಆಗಲೇ ನೆನಪಾಯಿತು: ಬೆಳಗ್ಗೆ ಮರೆವ್ವ ಗೋಡೆಯ ಬಳಿ ಬಗ್ಗಿ ಮರಿಗಳ ಮುಂದೆ ಬಟ್ಟಲು ಇಡುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

"ರೀ, ಆಕಿ ಇದಕ್ಕೂ ಸಿಂಧೂರ ಹಾಕ್ಯಾಳ್ರೀ! ನಾಳೆ ಜೀವಾನೂ ತಗೀತಾಳ!"

ಗಿರಿಮಲ್ಲಪ್ಪ ಅಂಗಳಕ್ಕೆ ಧಾವಿಸಿದ. ಅಷ್ಟರಲ್ಲಿ ಮರೆವ್ವ ತಾನೇ ಎದುರು ಬಂದು, ಅವನನ್ನು ದಾಟಿ ಹೊಸ್ತಿಲ ಮೇಲೆ ನಿಂತಳು. ಕೈಯಲ್ಲಿ ಅದೇ ಬಟ್ಟಲು. ಕಾವೇರಿ ಎರಡೂ ಮರಿಗಳನ್ನು ಎದೆಗವಚಿಕೊಂಡಳು.

ಮರೆವ್ವ ಎಂದೂ ಇಲ್ಲದಂತೆ ಅವಳ ಮುಖವನ್ನೇ ನೋಡಿ ಮಾತಾಡಿದಳು. ಕಾವೇರಿಗೆ ಅದರಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ.

"ಕಾವೇರಕ್ಕಾರ, ನಿಮ್ಮ ಕಾಲ ಬೀಳತೇನಿ. ಒಂದರ ಚೀರಾಟನs ತಡಕೊಳ್ಳಾಕ ಆಗಿದ್ದಿಲ್ಲ, ಈಗ ಎರಡಾದುವು. ಸುಮ್ಮನಾಗ್ಲಿ ಅಂತ ದಿನಾ ಹಾಲು ಹಾಕಿ ಸಾಕಾತು. ಮಗ್ಗ ನಿಂತ್ರಂತೂ ಕಿವಿ ಹರದು ಹೋಗತಾವು. ಈಗರ ನೋಡ್ರಿ, ಹೆಂಗ ಒದರಾಕತ್ತಾವ!" ಅವಳು ಬಟ್ಟಲು ಕೆಳಗಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ನೀವು ಗಂಡಾ ಹೆಂಡ್ತಿ ಹೆಂಗ ತಡಕೊಂತೀರಿ?"

ಕಾವೇರಿ ಎದೆಯ ಮೇಲಿನ ಮರಿಗಳನ್ನು ನೋಡಿದಳು. ಎರಡು ಪುಟ್ಟ ಬಾಯಿಗಳು ತೆರೆದಿದ್ದವು. ಎರಡು ಪುಟ್ಟ ಎದೆಗಳು ಅವಳ ಅಂಗೈಯಡಿ ಗಡಗಡ ನಡುಗುತ್ತಿದ್ದವು.

ಅವಳು ತಲೆಯೆತ್ತಿದಳು. ಮರೆವ್ವನ ಬೆನ್ನ ಹಿಂದೆ, ಎರಡೇ ಹೆಜ್ಜೆ ದೂರದಲ್ಲಿ ಅಂಗಳದಲ್ಲಿ ನಿಂತಿದ್ದ ಗಿರಿಮಲ್ಲಪ್ಪ, ಹೆಂಡತಿಯ ತುಟಿಯನ್ನೇ ನೋಡುತ್ತ ಕೇಳಿದ: "ಏನಂದ್ಲಾಕಿ?"