ಮ್ಯೂಸಿಯಂಗೆ ಹೋದ ಒರಳು

ಮ್ಯೂಸಿಯಂಗೆ ಹೋಗೋಣ ಎಂದು ಅತ್ತೆಯೇ ಬಾಯಿಬಿಟ್ಟು ಹೇಳಿದಾಗ ಸೊಸೆಗೆ ಗುಮಾನಿ ಬಂತು. ಹೊಸ ಫ್ಲ್ಯಾಟಿನ ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ಅತ್ತೆಯ ಒರಳುಕಲ್ಲನ್ನು ಆ ಮ್ಯೂಸಿಯಂಗೆ ದಾನ ಕೊಟ್ಟವಳು ಅವಳೇ. ಅಂದಿನಿಂದ ಅತ್ತೆ ಇಡ್ಲಿ ಮುಟ್ಟಿರಲಿಲ್ಲ.

“ಸೋಮವಾರ ರಜ, ಭಾನುವಾರ ಜನ ಜಾಸ್ತಿ. ಬುಧವಾರ ಹೋಗೋಣಮ್ಮ,” ಎಂದ ಮಗ.

“ಅಲ್ಲಿ ನೀರು ಸಿಗತ್ತೇನೋ?”

“ಕುಡಿಯೋ ನೀರಿನ ನಲ್ಲಿ ಇದೆ.”

“ಒರಳಿನ ಹತ್ರಾನೇ ಇದ್ಯಾ?”

ಮಗ, ಸೊಸೆ ಮುಖ ಮುಖ ನೋಡಿಕೊಂಡರು.

ಬುಧವಾರ ಮ್ಯೂಸಿಯಂ ಗೇಟಿನ ಮುಂದೆ ಸೊಸೆ ಅತ್ತೆಯ ಚೀಲದೊಳಗೆ ಇಣುಕಿದಳು. ಸ್ಟೀಲ್ ಡಬ್ಬಿಯ ತುಂಬ ನೆನೆಹಾಕಿದ ಉದ್ದಿನಬೇಳೆ.

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಅದೀಗ ಸರ್ಕಾರದ ಕಲ್ಲು. ಮುಟ್ಟಿದ್ರೆ ಪೊಲೀಸ್ರನ್ನ ಕರೀತಾರೆ!”

“ಕರೀಲಿ. ನಿನ್ನ ಮಿಕ್ಸಿ ಹಿಟ್ಟು ತಿನ್ನೋದಕ್ಕಿಂತ ಲಾಕಪ್ಪೇ ವಾಸಿ.”

ಮಗ ಇವರು ಯಾರೋ ಎಂಬಂತೆ ದೂರ ಸರಿದು ನಿಂತ.

ಅಷ್ಟರಲ್ಲಿ ಕಾವಲುಗಾರ ಬಂದು ಚೀಲ ಈಸಿಕೊಂಡ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದ. ಅವನ ಹುಬ್ಬು ಗಂಟಿಕ್ಕಿತು. ಸೊಸೆ ಕೈಮುಗಿದಳು.

“ವಯಸ್ಸಾದೋರು ಸಾರ್, ತಿಳೀದೆ ತಂದಿದಾರೆ. ಇದೊಂದ್ಸಲ ಬಿಟ್ಬಿಡಿ.”

ಅವನು ಒಂದು ಬೇಳೆಯನ್ನು ಬೆರಳಿನಿಂದ ಒತ್ತಿ ನೋಡಿ, ಮುಚ್ಚಳ ಹಾಕಿ, ಡಬ್ಬಿಯನ್ನು ಅತ್ತೆಯ ಕೈಗೆ ವಾಪಸ್ ಕೊಟ್ಟ.

“ಚೆನ್ನಾಗಿ ನೆಂದಿದೆ ಕಣಮ್ಮ. ಆದ್ರೆ ಒರಳು ಇಡ್ಲಿಯವರಿಗೆ ಶನಿವಾರ, ಇವತ್ತು ಬರೀ ಚಟ್ನಿಯವರಿಗೆ.”