ಆರನೆಯವನು

"ನಾನೂರ ಹತ್ತು ಜನರಲ್ಲಿ ನೀವು ಆರನೆಯವರು" ಎಂದರು ಡಾಕ್ಟರ್ ಪಾರ್ಥಸಾರಥಿ, ಬಹುಮಾನ ಬಂದ ಸುದ್ದಿ ಹೇಳುವವರ ಹಾಗೆ. ಕೊಪ್ಪದ ಸಿದ್ದರಾಜುವಿಗೆ ಕೂತ ಸ್ಟೂಲೇ ಅಲುಗಾಡಿದಂತಾಯಿತು. ನಾಲ್ಕು ತಿಂಗಳ ಹಿಂದೆ ಮಂಡ್ಯದ ಇದೇ ಆಸ್ಪತ್ರೆಯಲ್ಲಿ ಅವನ ಅಣ್ಣನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಆಗ ರಕ್ತ ಕೊಟ್ಟವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಮೊನ್ನೆ ಬಂದ ಕಾರ್ಡಿನಲ್ಲಿ, ರಕ್ತದ ವಿಷಯವಾಗಿ ಕೂಡಲೇ ಬಂದು ಕಾಣುವುದು ಎಂದಷ್ಟೇ ಬರೆದಿತ್ತು. ಎರಡು ರಾತ್ರಿ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಡಾಕ್ಟರು ಬೆಂಗಳೂರಿನವರು. ರಕ್ತ ಕೊಡುವವರಲ್ಲಿ ಎಷ್ಟು ಜನರ ಮೈಯಲ್ಲಿ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಕೂತಿದೆ ಎಂದು ಕಂಡುಹಿಡಿಯಲು ಬಂದಿದ್ದರು. ಇದುವರೆಗೆ ಆರು ಜನರಲ್ಲಿ ಅದು ಸಿಕ್ಕಿತ್ತು, ಆರನೆಯ ಹೆಸರು ಸಿದ್ದರಾಜುವಿನದು. ಅಂಥವರಿಗೆ ಕಾಯಿಲೆ ಕಾಣದೆಯೇ ಇರಬಹುದು, ಆದರೆ ಅವರ ರಕ್ತ ಮಾತ್ರ ಇನ್ನೊಬ್ಬರಿಗೆ ಹೋಗಕೂಡದು ಎಂದು ಬಿಡಿಸಿ ಹೇಳಿದರು. ಅಣ್ಣನನ್ನು ವಿಚಾರಿಸಿದರು. ಅವನು ಗುಂಡುಕಲ್ಲಿನ ಹಾಗಿದ್ದಾನೆ ಎಂದಾಗ, ನಿಮ್ಮ ಅದೃಷ್ಟ, ಆದರೂ ಒಮ್ಮೆ ಕರೆದುಕೊಂಡು ಬನ್ನಿ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, ಮದುವೆ ಆಗಿದೆಯಾ ಎಂದು ಕೇಳಿದರು.

"ಇಲ್ಲ ಸಾ. ಯಲಿಯೂರಲ್ಲಿ ಎಣ್ಣು ಗೊತ್ತು ಮಾಡವ್ರೆ."

"ಹಾಗಾದರೆ ಇವತ್ತಿಗೆ ಅವಸರವಿಲ್ಲ. ಹೆಂಡತಿ ಇದ್ದು ಬಸುರಿಯಾಗಿದ್ದರೆ ನಾಳೆಯೇ ಕರೆಸುತ್ತಿದ್ದೆ. ಗಂಡನಿಂದ ಅವಳಿಗೆ, ಅವಳಿಂದ ಹುಟ್ಟೋ ಮಗುವಿಗೆ ದಾಟಬಹುದು. ಮೊದಲೇ ಗೊತ್ತಾದರೆ ನಾವೂ ಏನಾದರೂ ಮಾಡಬಹುದು."

ಸಿದ್ದರಾಜುವಿಗೆ ಈಗ ನಿಜವಾದ ಭಯ ಹತ್ತಿತು. ಯಾಕೆಂದರೆ ಆ ರಕ್ತ ಅವನದಲ್ಲ. ಸಂಬಂಧಿಕರೇ ರಕ್ತ ಕೊಡಬೇಕು ಎಂದು ಆಸ್ಪತ್ರೆಯವರು ಹೇಳಿದಾಗ ಅವನ ತಾಯಿ ಹೊಂಬಾಳಮ್ಮ ಅಡ್ಡ ನಿಂತಿದ್ದಳು. ಮದುವೆಯಾಗಬೇಕಾದ ಗಂಡು ರಕ್ತ ಬಸಿದುಕೊಂಡರೆ ಮುಂದೆ ಮಕ್ಕಳಾದಾವೇ ಎಂಬುದು ಅವಳ ವಾದ. ಕೊನೆಗೆ ಅವರ ಗದ್ದೆಯ ಆಳು ನಾಗಯ್ಯ ತನ್ನ ಹೆಸರು ಸಿದ್ದರಾಜು ಎಂದು ಹೇಳಿ, ಮಂಚದ ಮೇಲೆ ಮಲಗಿ ಎದ್ದು ಬಂದ. ಅವನಿಗೆ ಸಿಕ್ಕಿದ್ದು ಎರಡು ಎಳನೀರು, ಸಿದ್ದರಾಜುವಿಗೆ ಊರು ತುಂಬ ಹೆಸರು. ಅಣ್ಣನಿಗೆ ರಕ್ತ ಕೊಟ್ಟ ತಮ್ಮ ಎಂದೇ ಯಲಿಯೂರಿನವರು ಹೆಣ್ಣು ಕೊಡಲು ಒಪ್ಪಿದ್ದು. ಬಿಟ್ಟಿ ಸಿಕ್ಕಿದ ಹೆಸರು ಯಾರಿಗೆ ಬೇಡ, ಅವನೂ ಬಾಯಿ ಮುಚ್ಚಿಕೊಂಡಿದ್ದ. ಈಗ ನಾಗಯ್ಯನ ಹೆಂಡತಿ ಮುದ್ದಮ್ಮನಿಗೆ ಏಳು ತಿಂಗಳು.

ಇನ್ನೊಮ್ಮೆ ರಕ್ತ ತೆಗೆದು ನೋಡೋಣ, ತೋಳು ಚಾಚಿ ಎಂದರು ಡಾಕ್ಟರು. ನಿಜ ಹೇಳಲು ಅದೇ ಸರಿಯಾದ ಸಮಯವಾಗಿತ್ತು. ಸುಳ್ಳು ಹೆಸರು ಕೊಟ್ಟದ್ದಕ್ಕೆ ಪೊಲೀಸರನ್ನು ಕರೆಸುತ್ತಾರೋ ಏನೋ, ಯಲಿಯೂರಿಗೆ ಸುದ್ದಿ ಮುಟ್ಟಿದರೆ ಏನು ಗತಿ ಎಂದು ಅವನು ಲೆಕ್ಕ ಹಾಕುವಷ್ಟರಲ್ಲಿ ಸೂಜಿ ಒಳಗೆ ಹೋಗಿತ್ತು. ಹದಿನೈದು ದಿನಕ್ಕೆ ಅವನ ರಕ್ತದಲ್ಲಿ ಏನೂ ಇಲ್ಲವೆಂದು ಬರುತ್ತದೆ. ಡಾಕ್ಟರು ಆರನ್ನು ಐದು ಮಾಡಿಕೊಳ್ಳುತ್ತಾರೆ. ಆಮೇಲೆ ನಾಗಯ್ಯನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ.

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕೊಪ್ಪ ತಲುಪುವ ಹೊತ್ತಿಗೆ, ಹೋದರೆ ಹೆಣ್ಣು ಹೋಗಲಿ, ನಾಳೆ ಮೊದಲನೇ ಬಸ್ಸಿಗೆ ಗಂಡ ಹೆಂಡತಿ ಇಬ್ಬರನ್ನೂ ಡಾಕ್ಟರ ಮುಂದೆ ನಿಲ್ಲಿಸಿ ಎಲ್ಲ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದ. ನೇರ ಕೊಟ್ಟಿಗೆಗೆ ಹೋದ. ನಾಗಯ್ಯ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಮುದ್ದಮ್ಮ ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು ಕಸ ಗುಡಿಸುತ್ತಿದ್ದಳು.

"ನಾಗಯ್ಯ, ಅವತ್ತು ನೀನು ರಕ್ತ ಕೊಟ್ಯಲ್ಲ, ಅದ್ರಲ್ಲಿ ಏನೋ ಐಬು ಅದಂತೆ ಕಣ್ಲಾ. ನಾಳೆ ಇಬ್ರೂ ನನ್ ಜತೆ ಮಂಡ್ಯಕ್ಕೆ ಬನ್ನಿ."

ನಾಗಯ್ಯ ಹುಲ್ಲಿನ ಹೊರೆಯಿಂದ ತಲೆ ಎತ್ತಲಿಲ್ಲ. "ನಾನ್ಯಾವಾಗ ಕೊಟ್ಟೆ ಚಿಕ್ಕಗೌಡ್ರೇ? ಕೊಟ್ಟೋರು ನೀವು."

ಸಿದ್ದರಾಜು ಅವನ ರಟ್ಟೆ ಹಿಡಿದುಕೊಂಡ. ಇದು ತಮಾಷೆಯಲ್ಲ, ಇಬ್ಬರೂ ಜೊತೆಗೇ ಹೋಗಿದ್ದೆವಲ್ಲ, ಈಗ ಯಾರಿಂದ ಮುಚ್ಚಿಡುವುದು ಎಂದು ಗೋಗರೆದ. ವೈರಸ್ಸು, ಬಸುರು, ಡಾಕ್ಟರು ಹೇಳಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ನಾಗಯ್ಯ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವನ ಮುಖದ ಮೇಲೆ ನಿಧಾನವಾಗಿ ಒಂದು ನಗು ಬಂತು. ಧಣಿ ತನ್ನ ನಿಯತ್ತನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿದಿರಲಿಲ್ಲ.

"ನಿಮ್ಮವ್ವಾರು ಅವತ್ತೇ ಯೋಳಿದ್ರು, ಮನೆಯೋರೇ ಬಂದು ಕೇಳುದ್ರೂ ಬಾಯಿ ಬುಡಬ್ಯಾಡ ಅಂತ" ಎಂದ. ಮುದ್ದಮ್ಮ ಹೌದೆಂದು ತಲೆಯಾಡಿಸಿದಳು. ನಾಗಯ್ಯ ಅವಳ ಕಡೆ ಕೈ ತೋರಿಸಿದ. "ಕರ್ಪೂರ ಮುಟ್ಟಿಸಿ ಆಣೆ ಮಾಡ್ಸವ್ರೆ ಚಿಕ್ಕಗೌಡ್ರೇ, ಇವ್ಳ ಒಟ್ಟೇಲಿರೋ ಕೂಸಿನ ಮ್ಯಾಲೆ."